ಮುಟ್ಟಬೇಡಿ

ಟಿಬಿಲಿಸಿಯ ಹಳೇ ನೂಲಿನ ಗಿರಣಿಯಲ್ಲಿ
ಕಲಾಶಾಲೆ ಮುಗಿಸಿದ ಹುಡುಗರ ಪ್ರದರ್ಶನ.
‘ಮುಟ್ಟಬೇಡಿ’ ಅನ್ನುವುದಕ್ಕೆ ನನಗೆ ಸಂಬಳ.

ಲೆವಾನ್ ಗಡಿಯ ತಂತಿಬೇಲಿವರೆಗೂ ನಡೆದು ಬಂದಿದ್ದಾನೆ:
ದಿನಕ್ಕೊಂದು ಬೆಂಕಿಪೊಟ್ಟಣ, ಒಳಗೆ ಆ ದಿನದ ಮಣ್ಣು.
ಹದಿನೆಂಟನೆಯದು ಖಾಲಿ.
ಜ್ವರ ಬಂದಿತ್ತಂತೆ, ಬಸ್ಸಿನಲ್ಲಿ ಮಲಗಿದ್ದನಂತೆ.
ಬಲ್ಲವರು ಅದರ ಮುಂದೆಯೇ ಹೆಚ್ಚು ಹೊತ್ತು ನಿಲ್ಲುತ್ತಾರೆ.

ತಮ್ತಾ ತಂದದ್ದು ಒಂದು ನೆಲ.
ಸುಖುಮಿ ಬಿಟ್ಟು ಬಂದವರನ್ನು ಇರಿಸಿದ್ದ ಆರೋಗ್ಯಧಾಮದ
ಇನ್ನೂರ ಹನ್ನೊಂದನೇ ಕೋಣೆ,
ಅವಳು ಹುಟ್ಟಿದ್ದು ಅಲ್ಲೇ.
ಕಾಗದ ಹಾಸಿ, ಇದ್ದಿಲು ಉಜ್ಜಿ,
ಬಿರುಕು ಬಿರುಕನ್ನೂ ಎತ್ತಿಕೊಂಡು
ಚಾಪೆಯ ಹಾಗೆ ಸುತ್ತಿ
ಹೆಗಲ ಮೇಲೆ ಹೊತ್ತು ತಂದಳು.

ನಿನ್ನೆ ಅವಳಜ್ಜಿ ಬಂದರು.
ಬೂಟು ಕಳಚಿ ಬದಿಗಿಟ್ಟು
ಸೀದಾ ಕಾಗದದ ಮೇಲೆ ನಡೆದರು.
ಮಂಚವಿದ್ದಲ್ಲಿ ಬಳಸಿ ಹೋದರು,
ಬಟ್ಟೆ ಒಣಗಿಸುವ ಹಗ್ಗವಿದ್ದಲ್ಲಿ ತಲೆ ತಗ್ಗಿಸಿದರು.
ಆಮೇಲೆ ಕೂತು, ಗೇಣು ಹಾಕಿ ಅಳೆದು,
‘ಒಲೆ ಸುಟ್ಟ ಕಲೆ ಇಲ್ಲಿತ್ತು. ಬಿಟ್ಟಿದ್ದೀಯ.’

‘ಅಲ್ಲಿ ನುಣ್ಣಗಿತ್ತಜ್ಜಿ,
ಇದ್ದಿಲಿಗೆ ಹತ್ತಲಿಲ್ಲ.’

ಅಜ್ಜಿ ಬೆರಳಿಗೆ ಉಗುಳು ಹಚ್ಚಿಕೊಂಡು
ಅಲ್ಲೇ ತಿಕ್ಕತೊಡಗಿದರು.

ನಾನು ಬಾಯಿ ತೆರೆದೆ.
ತೆರೆದದ್ದನ್ನು
ಆಕಳಿಕೆ ಮಾಡಿಕೊಂಡೆ.