ಬಾಯಿ ಮಡಿಯದ ಬೀಡಿ

ಬೋಳಾರದ ರೇಷನ್ ಅಂಗಡಿಯ ಯಂತ್ರ
ಈಗೀಗ ನನ್ನ ಹೆಬ್ಬೆರಳನ್ನು ಒಪ್ಪುವುದಿಲ್ಲ.
ಐವತ್ತು ವರ್ಷ ಎಲೆ ಸುತ್ತಿ ಸುತ್ತಿ ಗೆರೆ ಸವೆದಿದೆ.
‘ಇನ್ನೊಮ್ಮೆ ಒತ್ತಿ ಅಜ್ಜಿ’ ಎನ್ನುತ್ತಾನೆ ಹುಡುಗ.
ಒತ್ತುತ್ತೇನೆ. ಒತ್ತುವಾಗೆಲ್ಲ
ರೇವುವಿನ ಉಗುರು ನೆನಪಾಗುತ್ತದೆ.

ರೇಬ್ವಾರ್ ಅವನ ಹೆಸರು. ದಾರಿಹೋಕ ಅಂತ ಅರ್ಥವಂತೆ.
ಅಮ್ಮನ ನಾಲಗೆಗೆ ಅದು ಹತ್ತಲಿಲ್ಲ.
ಬಂದರಿನ ಬದಿಯವರಲ್ಲವೇ ನಾವು, ರೇವು ಎಂದಳು.
ಇರಾನಿನಿಂದ ಫಾರ್ಮಸಿ ಓದಲು ಬಂದವ,
ಚಾವಡಿ ಪಕ್ಕದ ಕೋಣೆಗೆ ತಿಂಗಳಿಗೆ ಅರವತ್ತು ರೂಪಾಯಿ.
‘ನಾನು ಕುರ್ದ್’ ಅಂದ ಮೊದಲ ದಿನವೇ.
‘ಕುರುಡನಾ? ಕಣ್ಣು ಸರಿಯಿದೆಯಲ್ಲ ಮಾರಾಯ’ ಎಂದಳು ಅಜ್ಜಿ.
ನಕ್ಕ, ನಕ್ಕ,
ಹಂಚಿನ ಮೇಲಿದ್ದ ಕಾಗೆ ಹಾರಿಹೋಗುವಷ್ಟು.

‘ಮನೆಯಲ್ಲಿ ಯಾವ ಭಾಷೆ?’
ತುಳು.
‘ಶಾಲೆಯಲ್ಲಿ?’
ಕನ್ನಡ.
‘ಅಲ್ಲಿ ಮನೆಮಾತು ಆಡಿದರೆ ಹೊಡೆಯುತ್ತಾರಾ?’
ಐದು ಪೈಸೆ ದಂಡ ಹಾಕುತ್ತಿದ್ದರು ಮೇಷ್ಟ್ರು, ಅಂದೆ.
ಅವನು ಆಗ ನಗಲಿಲ್ಲ.

ಸಂಜೆ ತಡ್ಪೆಯ ಮುಂದೆ ಚಕ್ಕಳಮಕ್ಕಳ ಕೂತು
ಬೀಡಿ ಕಟ್ಟಲು ಕಲಿತ. ಕಲಿತ ಅನ್ನುವುದು ಸುಳ್ಳು.
ಎಲೆ ಕತ್ತರಿಸಿದ, ಹೊಗೆಸೊಪ್ಪು ಹರಡಿದ, ಸುತ್ತಿದ, ನೂಲೂ ಬಿಗಿದ.
ಬಾಯಿ ಮಡಿಸುವುದು ಮಾತ್ರ ಬರಲೇ ಇಲ್ಲ.
ಉಗುರಿನ ತುದಿಯಿಂದ ಹೀಗೆ, ನೋಡು, ಹೀಗೆ, ಎಂದರೂ
ಅವನ ಬೀಡಿಗಳು ಹಕ್ಕಿಮರಿಗಳ ಹಾಗೆ
ಬಾಯಿ ತೆರೆದೇ ಇರುತ್ತಿದ್ದವು.
ಬ್ರಾಂಚಿನ ಸಂಜೀವಣ್ಣ ಹೆಕ್ಕಿ ಹೆಕ್ಕಿ ಎಸೆದ,
ನನ್ನ ಲೆಕ್ಕದಲ್ಲಿ ಕಳೆದ.

ಅಲ್ಲಿಯ ರಾಜ ಓಡಿಹೋದ ವರ್ಷ ಇವನೂ ಊರಿಗೆ ಹೊರಟ.
‘ಇನ್ನು ನಮ್ಮ ಭಾಷೆಯಲ್ಲೂ ಶಾಲೆ’ ಅಂದ,
ಬಗಲಲ್ಲಿ ಅಮ್ಮ ಕಟ್ಟಿಕೊಟ್ಟ ಹಲಸಿನ ಹಪ್ಪಳ.

ನಾಲ್ಕು ವರ್ಷದ ಮೇಲೆ ಅವನ ಗೆಳೆಯನ ಪತ್ರ.
ಕಾಲೇಜಿನ ಗುಮಾಸ್ತೆ ಫ್ಲೋರಿನ್ ಬಾಯಿ ಓದಿ ಹೇಳಿದರು,
ನಡುನಡುವೆ ಕನ್ನಡಕ ತೆಗೆದು ಒರೆಸುತ್ತ.
ಏಳು ತಿಂಗಳು ಒಳಗಿಟ್ಟರು.
ಸಂಗಡಿಗರ ಹೆಸರು ಕೇಳಿದರು.
ಹತ್ತೂ ಉಗುರು ಕಿತ್ತರು.
ಬಾಯಿ ಬಿಡಲಿಲ್ಲ.
ಒಂದು ಬೆಳಗಿನ ಜಾವ ನೇಣು. ಹೆಣ ಕೊಡಲಿಲ್ಲ.
ತಾಯಿಯ ಕೈಗೆ ಬಂದದ್ದು ವಾಚು,
ಅದು ಇನ್ನೂ ನಡೆಯುತ್ತಿತ್ತಂತೆ.

ಇವತ್ತಿಗೂ ನನಗೆ ಹೊಳೆಯದ್ದು ಇದೊಂದೇ:
ಒಂದು ಬೀಡಿಯ ಬಾಯಿ ಮುಚ್ಚಲಾರದವ
ಅಷ್ಟು ಮಂದಿಯ ಹೆಸರನ್ನು ಎಲ್ಲಿ ಮುಚ್ಚಿಟ್ಟ?

ಆ ಆಟಿಯಲ್ಲಿ ಹೋದವರಿಗೆ ಬಡಿಸುವಾಗ
ಅಮ್ಮ ಒಂದು ಎಲೆ ಹೆಚ್ಚು ಹಾಕಿದಳು.
‘ಯಾವ ಬರಿಯವನೆಂದು ಬಡಿಸುತ್ತಿ?’ ದೊಡ್ಡಪ್ಪ ರೇಗಿದರು.
‘ಬಾಡಿಗೆ ಬಾಕಿ ಇಡದ ಬರಿ’
ಎಂದವಳೇ ರೊಟ್ಟಿಯ ಮೇಲೆ ಕೋಳಿಸಾರು ಸುರಿದಳು.

ಅಮ್ಮ ಹೋದ ಮೇಲೆ ಆ ಎಲೆ ನನ್ನ ಪಾಲಿಗೆ.
ಬದಿಯಲ್ಲಿ ಒಂದು ಬೀಡಿ ಇಡುತ್ತೇನೆ, ಬಾಯಿ ಮಡಿಸದೆ.
ಪುಡಿ ಒಂದಿಷ್ಟು ಅನ್ನದ ಮೇಲೆ ಉದುರುತ್ತದೆ, ಉದುರಲಿ.
ಬಾಗಿಲು ಎಳೆದು
ಅಂಗಳದಲ್ಲಿ ನಿಲ್ಲುತ್ತೇನೆ,
ಹಂಚಿನ ಮೇಲಿನ ಕಾಗೆ
ಈಗ ಹಾರಿತೇ ಎಂದು ನೋಡುತ್ತ.