ಕೆಮ್ಮು

ಪಿಳ್ಳಪ್ಪ ಮಾವನ ಅಂಗಿಗೆ ಮೈಕು ಸಿಕ್ಕಿಸಿ
ಮೂರು ದಿನ ಕೋಲಾರದ ಮಂಡಿಯಲ್ಲಿ ಅವನ ಹಿಂದೆ ಅಲೆದೆವು.
ಮೂವತ್ತು ವರ್ಷ ಟೊಮೆಟೊ ಕೂಗಿದ ಗಂಟಲು:
ಇನ್ನೂರ ಹತ್ತು, ಹತ್ತು, ಹತ್ತು, ಇನ್ನೂರ ಇಪ್ಪತ್ತು...

ದನಿ ಸೋಸುವ ಕೆಲಸ ನನ್ನದು.
ಲಾರಿ ಹಾರನ್ನು ತೆಗೆದೆ, ಕ್ರೇಟು ಎಳೆಯುವ ಕರಕರ ತೆಗೆದೆ,
ನಾನೂರ ಹನ್ನೊಂದು ಕಡೆ ಕೆಮ್ಮು. ತೆಗೆದೆ.

ಈಗ ಯಂತ್ರಕ್ಕೆ ಅವನದೇ ಗತ್ತು.
ನಡುರಾತ್ರಿ ಫೋನು ಮಾಡಿದ ಮುಳಬಾಗಿಲಿನವಳಿಗೆ ದರ ಹೇಳುತ್ತದೆ,
ಕೋಲ್ಕತ್ತದವನೊಡನೆ
ಮಾವನಿಗೇ ಬಾರದ ಬಂಗಾಳಿಯಲ್ಲಿ ಚೌಕಾಸಿ.
ಟೀ ಕೇಳುವುದಿಲ್ಲ.

ಮೊನ್ನೆ ಬಂದ. ಕಿವಿಗೊತ್ತಿ ಕೇಳಿದ.
ಚೆನ್ನಾಗೈತೆ ಕಣಮ್ಮ, ನಾನೇ ಅಂದ್ಕೊಂಡೆ.
ಕೆಮ್ಮು ಎಲ್ಲೋಯ್ತು?
ಅಡಿಯ ಹಣ್ಣು ಮೆತ್ತಗಿದ್ರೆ
ಕೊನೇ ಕೂಗಿಗೆ ಮುಂಚೆ ಒಂದ್ಸಲ ಕೆಮ್ತಿದ್ದೆ.
ಕೊಳ್ಳೋರಿಗೆ ಗೊತ್ತಿತ್ತು.
ಬೆಳೆದೋರಿಗೂ ಗೊತ್ತಿತ್ತು, ಬೈತಿರಲಿಲ್ಲ.

ಅಳಿಸಿದ್ದನ್ನೆಲ್ಲ ಕಸದಿಂದ ಎತ್ತಿ
ಒಂದೊಂದಾಗಿ ಹಾಕಿದೆ.
ಕಣ್ಣು ಮುಚ್ಚಿ ಕೂತ.
ಇದು ಮೆತ್ತಗಿಂದು. ಇದು ಮಳೆ ತಿಂದಿದ್ದು.
ಇದು ಮೆತ್ತಗಿಂದೇ, ಆದ್ರೆ ಪಾಪದೋಳು, ಸಣ್ಣಗೆ ಕೆಮ್ಮಿದ್ದೀನಿ ನೋಡು.
ಇದು... ತಡೆ, ಇನ್ನೊಂದ್ಸಲ ಹಾಕು.

ಇದು ಬರೀ ಬೀಡಿ.