ಮೂಗಿಗೆ ತುಪ್ಪ

ಜ್ವರವಿಲ್ಲ, ಕೆಮ್ಮಿಲ್ಲ, ಒಂದು ಸೀನೂ ಇಲ್ಲ.
ಬೆಳಗಿನ ಎದುರುಗಾಳಿಯಲ್ಲಿ
ಹದಿನಾಲ್ಕು ಕಿಲೋಮೀಟರ್ ಸೈಕಲ್ ತುಳಿದು ಬಂದವಳು ನಾನು.
ಹೆಡ್ವಿಗ್ ಬಾಗಿಲಲ್ಲೇ ತಡೆದಳು.
ಕೆಟ್ಟ ಸುದ್ದಿ ಹೇಳಲೆಂದು ನಾವೆಲ್ಲ ಕಲಿತಿಟ್ಟ ಆ ದನಿಯಲ್ಲಿ
ಅಂದಳು: ಮಾರ್ಲೀಸ್,
ನಿನ್ನ ಮೂಗಿನಲ್ಲಿ ಸಿಕ್ಕಿದೆ.
ವಾರ್ಡಿಗೆ ಬರಬೇಡ.

ಹನ್ನೊಂದು ವರ್ಷ ನಾನೇ ಕೇಳಿದ ಪ್ರಶ್ನೆ,
ಭರ್ತಿಯಾಗಲು ಬಂದವರಿಗೆಲ್ಲ, ತಲೆಯೆತ್ತದೆ, ಪೆನ್ನು ಹಿಡಿದು:
ಹಂದಿಗಳ ಒಡನಾಟ ಉಂಟೇ?
ಉಂಟು ಎಂದವರು ಓಣಿಯ ಕೊನೆಯ ಕೋಣೆಗೆ,
ಎರಡು ಬಾಗಿಲುಗಳ ಆಚೆಗೆ.
ಹಳದಿ ಗೌನು ತೊಟ್ಟು ಅವರಿಗೆ ಸೂಪು ಕೊಟ್ಟೆ.
ಮಾಸ್ಕಿನ ಹಿಂದಿನಿಂದ ನಕ್ಕೆ,
ಕಣ್ಣಲ್ಲಿ ಕಂಡೀತು ಅಂದುಕೊಂಡು.

ಅಪ್ಪನ ಮೊಣಕಾಲು ಕೊಯ್ದ ಮೇಲೆ
ಭಾನುವಾರದ ಕೊಟ್ಟಿಗೆ ಪಾಳಿ ನನ್ನದು.
ಡೂರ್ನೆ ದಾಟಿ, ಪೀಲ್ ಸೀಮೆಯ ಕಪ್ಪು ಮಣ್ಣಿನ ನಡುವೆ
ಎಂಟುನೂರು ಹಂದಿಗಳು ಉಸಿರಾಡುವ ಉದ್ದನೆಯ ಮಾಡು.
ಅಲ್ಲಿ ಧೂಳು ಬೆಚ್ಚಗಿರುತ್ತದೆ.
ಮನೆಗೆ ಬಂದು ಎಷ್ಟು ಮಿಂದರೂ
ಅದು ಒಳಗೆಲ್ಲೋ ಚಾಪೆ ಹಾಸಿಕೊಂಡಿರುತ್ತದೆ.

ಫೋನಿನಲ್ಲಿ ಅಪ್ಪ ಬಹಳ ಹೊತ್ತು ಸುಮ್ಮನಿದ್ದ.
ನೀನು ಹುಟ್ಟುವ ಮುಂಚೆ, ಅಂದ ಆಮೇಲೆ,
ಮೇವಿಗೆ ಬಿಳಿ ಪುಡಿ ಕಲಸುತ್ತಿದ್ದೆವು.
ನೆಗಡಿ ಬಂದ ಹಂದಿಗೂ, ಬಾರದ ಹಂದಿಗೂ ಒಂದೇ ಸೌಟು.
ಉಪ್ಪಿನ ಹಾಗೆ ಅಂದುಕೋ ಡ್ರೀಕ್, ಅಂದಿದ್ದ ಡಾಕ್ಟರು.
ಈಗ ಬೀಗ ಹಾಕಿದ ಕಪಾಟು, ಲೆಕ್ಕದ ಪುಸ್ತಕ, ಸಹಿ.
ನಾವೇನೋ ಬಿಟ್ಟೆವು.
ಅವು ಕಲಿತದ್ದನ್ನು ಬಿಡಲಿಲ್ಲ.

ಐದು ದಿನದ ಚಿಕಿತ್ಸೆ:
ಬೆಳಗ್ಗೆ, ಮಧ್ಯಾಹ್ನ, ರಾತ್ರಿ
ಬಟಾಣಿ ಕಾಳಿನಷ್ಟು ಮುಲಾಮು, ಎರಡೂ ಹೊಳ್ಳೆಗೆ.
ಮೂಗಿಗೆ ತುಪ್ಪ ಸವರುವುದೆಂದರೆ ಇದೇ ಇರಬೇಕು.
ಕೆಂಪು ಸಾಬೂನು. ದಿನಾ ಹೊಸ ದಿಂಬಿನ ಚೀಲ.
ಪಕ್ಕದ ಮನೆಯಾಕೆ ಮೂಗಿನ ಮೇಲೆ ಬೆರಳಿಟ್ಟಳು,
ತಕ್ಷಣ ನೆನಪಾಗಿ
ಹೋಗಿ ಬೆರಳು ತೊಳೆದುಕೊಂಡಳು.

ಇಗರ್ಜಿಯಲ್ಲಿ ಶಾಂತಿ ಕೋರಿ ಕೈಕುಲುಕುವ ಗಳಿಗೆ.
ಗುಲಾಬಿ ಕೆನ್ನೆಗಳು, ಇಸ್ತ್ರಿ ಮಾಡಿದ ಕಾಲರುಗಳು,
ಮೇಳದಲ್ಲಿ ಬಾಯ್ತುಂಬ ಹಾಡುವ ದಢೂತಿ ರೈತರು,
ಕಟುಕನ ಹೆಂಡತಿ, ಮೇವಿನ ಲಾರಿಯ ಹುಡುಗ.
ಒಬ್ಬರಿಗೂ ಏನೂ ಆಗಿಲ್ಲ.
ನಾನು ಕೈ ಚಾಚುತ್ತ ಅವರ ಮೂಗುಗಳನ್ನು ಎಣಿಸಿದೆ,
ದೇವರು ಕ್ಷಮಿಸಲಿ.

ನಿದ್ದೆ ಬಾರದ್ದು ಅದಕ್ಕಲ್ಲ.
ಆರನೇ ಮಂಚದ ಅಜ್ಜಿಗೆ.
ಹೊಸ ಸೊಂಟ, ಇನ್ನೂ ಹಸಿ ಹೊಲಿಗೆ.
ಬಗ್ಗಿ ಅವಳ ದಿಂಬು ಸರಿಮಾಡಿದ್ದೆ,
ಬಗ್ಗಿದವಳು
ಉಸಿರಾಡಿದ್ದೆ.

ಮೂರು ಸಲ ಕಡ್ಡಿ ಹಾಕಿ ನೋಡಿದರು. ಏನಿಲ್ಲ, ಏನಿಲ್ಲ, ಏನಿಲ್ಲ.
ಅಜ್ಜಿಯೂ ಚೆನ್ನಾಗಿದ್ದಾಳೆ, ಕೋಲು ಊರಿಕೊಂಡು ಬೈಯುತ್ತಾಳಂತೆ.
ಸೋಮವಾರದಿಂದ ಬಾ ಅಂದಳು ಹೆಡ್ವಿಗ್.
ಅಪ್ಪನ ಮನೆಗೆ ಹೋದರೆ ಅಡುಗೆಮನೆಯವರೆಗೆ ಮಾತ್ರ, ತಿಳಿಯಿತೇ?

ಭಾನುವಾರ. ಅಡುಗೆಮನೆ. ಕಾಫಿ.
ಕೊಟ್ಟಿಗೆಯಿಂದ ಅಪ್ಪ ಕುಂಟುತ್ತ ಬಂದ,
ಕೈ ಮೊಣಕೈತನಕ ಒದ್ದೆ:
ಒಂಬತ್ತು ಹೊರಬಂದಿವೆ, ಹತ್ತನೆಯದು ಅಡ್ಡ ಸಿಕ್ಕಿದೆ,
ಡಾಕ್ಟರು ಬರಲು ಒಂದು ಗಂಟೆ.
ತನ್ನ ಕೈ ನೋಡಿಕೊಂಡ, ಹಲಗೆಯಂಥ ಕೈ.
ನನ್ನದನ್ನು ನೋಡಲಿಲ್ಲ.
ಕೇಳಲೂ ಇಲ್ಲ.

ನಾನು ಉಂಗುರ ತೆಗೆದು
ಸಕ್ಕರೆ ಬಟ್ಟಲಿನ ಪಕ್ಕ ಇಟ್ಟೆ.

ಸೋಮವಾರ ಬೆಳಕು ಹರಿಯುವ ಮೊದಲೇ ಫೋನು ಮಾಡಿದೆ.
ಆಚೆ ಹೆಡ್ವಿಗ್ ಇನ್ನೂ ಹಲೋ ಅನ್ನುತ್ತಿದ್ದಳು.
ಉಂಟು,
ಅಂದೆ.